ಇಡಿಯಾಗಿ ಓದಿದಾಗ ಎದುರಾಗುವ ಯೇಸು

‘ಯೇಸುಸ್ವಾಮಿಯೊಡನೆ ವೈಯಕ್ತಿಕ ಸಂಬಂಧ’ ಎಂಬ ಮಾತು ಕಳೆದ ಕೆಲವು ದಶಕಗಳಿಂದ ನಮ್ಮ ಧ್ಯಾನಕೂಟಗಳಲ್ಲಿ, ಯುವಜನರ ಶಿಬಿರಗಳಲ್ಲಿ, ಕುಟುಂಬ ಪ್ರಾರ್ಥನೆಗಳಲ್ಲಿ ಹೇರಳವಾಗಿ ಕೇಳಿಬರುತ್ತಿದೆ. ಹಿಂದಿನ ತಲೆಮಾರಿನ ಕಥೋಲಿಕರಿಗೆ ಈ ಪದಪ್ರಯೋಗ ಅಷ್ಟೊಂದು ಪರಿಚಿತವಾಗಿರಲಿಲ್ಲ. ಅವರು ಜಪಸರ ಹಿಡಿದರು, ಪೂಜೆಗೆ ಬಂದರು, ತಪಸ್ಸುಕಾಲದ ಶುಕ್ರವಾರಗಳಂದು ಶಿಲುಬೆಯ ಹಾದಿಯಲ್ಲಿ ಮೊಣಕಾಲೂರಿದರು. ಸಂಬಂಧವೆಂದು ಹೆಸರಿಡದೆಯೇ ಸಂಬಂಧದಲ್ಲಿ ಬಾಳಿದರು. ಆದರೆ ಅವರಲ್ಲಿ ಅನೇಕರಿಗೆ ಲಭಿಸದ ಒಂದು ಭಾಗ್ಯ ನಮಗೆ ಲಭಿಸಿದೆ. ಇಂದು ಮನೆಮನೆಯಲ್ಲಿಯೂ ಕನ್ನಡದ ಶ್ರೀಗ್ರಂಥವಿದೆ. 1965ರ ನವೆಂಬರ್ 18ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಪ್ರಕಟಿಸಿದ ‘ದೇಯಿ ವೆರ್ಬುಮ್’ ಎಂಬ ಸಂವಿಧಾನವು, ಶ್ರೀಗ್ರಂಥವನ್ನು ಅರಿಯದವನು ಕ್ರಿಸ್ತರನ್ನೇ ಅರಿಯದವನು ಎಂಬ ಸಂತ ಜೆರೋಮರ ಅಭಿಪ್ರಾಯವನ್ನು ನೆನಪಿಸುತ್ತಾ, ಎಲ್ಲ ವಿಶ್ವಾಸಿಗಳೂ ಅದನ್ನು ಪದೇಪದೇ ಓದಬೇಕೆಂದೂ ಓದಿನ ಜೊತೆಗೆ ಪ್ರಾರ್ಥನೆಯಿರಬೇಕೆಂದೂ ಬೋಧಿಸಿತು. ಅಂದಿನಿಂದ ಧರ್ಮಕೇಂದ್ರಗಳಲ್ಲಿ ಬೈಬಲ್ ತರಗತಿಗಳು, ಬೈಬಲ್ ಭಾನುವಾರ, ಬೈಬಲ್ ರಸಪ್ರಶ್ನೆ ಎಲ್ಲವೂ ಬಂದವು. ಮೆತೂಷೆಲಹನು 969 ವರ್ಷ ಬದುಕಿದನೆಂದು ಥಟ್ಟನೆ ಹೇಳುವ ಮಕ್ಕಳು ಇಂದು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ.

ಇಷ್ಟಾದರೂ ಒಂದು ಪ್ರಶ್ನೆಯನ್ನು ವಿಮರ್ಶೆಯ ದೃಷ್ಟಿಯಿಂದ ಕೇಳಿಕೊಳ್ಳಬೇಕಾಗಿದೆ. ನಾವು ಓದುವ ಬಗೆಯಲ್ಲಿ ನಮಗೆ ಸಿಗುತ್ತಿರುವ ಯೇಸು ಯಾರು?

ಹೊಸ ವರ್ಷದ ಪೂಜೆಯ ನಂತರ ವಾಗ್ದಾನದ ಚೀಟಿ ಎತ್ತುವ ರೂಢಿಯನ್ನು ಗಮನಿಸಿ. ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ವಾಕ್ಯ. ಬೆಳಗಾದರೆ ವಾಟ್ಸಾಪಿನಲ್ಲಿ ಸೂರ್ಯೋದಯದ ಚಿತ್ರದೊಡನೆ ಮತ್ತೊಂದು ವಾಕ್ಯ. ಇವು ಭಕ್ತಿಯಿಂದ ಹುಟ್ಟಿದ ರೂಢಿಗಳು, ನಕ್ಕು ತಳ್ಳಿಹಾಕುವಂಥವಲ್ಲ. ನೊಂದ ಮನಸ್ಸಿಗೆ ಒಂದೇ ವಾಕ್ಯ ಆಸರೆಯಾದ ಸಂದರ್ಭಗಳನ್ನು ಯಾವ ಗುರುವೂ ಅಲ್ಲಗಳೆಯಲಾರ. ಆದರೆ ಚೀಟಿಗೆ ಬರುವ ವಾಕ್ಯಗಳು ಯಾವುವು? ನಮಗೆ ಹಿತವಾದವು ಮಾತ್ರ. ಯೆರೆಮೀಯನ 29ನೆಯ ಅಧ್ಯಾಯದ ಹನ್ನೊಂದನೆಯ ವಾಕ್ಯ, ದೇವರು ನಮಗಾಗಿ ಯೋಜಿಸಿರುವುದು ಕೇಡನ್ನಲ್ಲ ಒಳಿತನ್ನೇ ಎಂಬ ಆಶಯದ ಮಾತು, ಚೀಟಿಗಳಲ್ಲಿ ಎಷ್ಟು ಬಾರಿ ಅಚ್ಚಾಗಿದೆಯೋ! ಆದರೆ ಅದು ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಬರೆದ ಪತ್ರದ ಒಂದು ತುಣುಕು. ಎರಡೇ ವರ್ಷಗಳಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹನನ್ಯನೆಂಬವನು ಅದಕ್ಕೂ ಮುನ್ನ ಸಾರಿದ್ದ. ಯೆರೆಮೀಯನಾದರೋ, ಅಲ್ಲಿಯೇ ಮನೆ ಕಟ್ಟಿರಿ, ತೋಟ ಮಾಡಿರಿ, ಬಿಡುಗಡೆಗೆ 70 ವರ್ಷ ಬೇಕು ಎಂದು ಬರೆದ. ಅಂದರೆ ಪತ್ರವನ್ನು ಓದಿಸಿಕೊಂಡವರಲ್ಲಿ ಬಹುಪಾಲು ಜನ ತಾಯ್ನಾಡನ್ನು ಮತ್ತೆ ಕಾಣದೆಯೇ ಕಣ್ಮುಚ್ಚಲಿದ್ದರು. ಅವಸರದ ಭರವಸೆಗೆ ಎದುರಾಗಿ ನಿಂತ ಮಾತನ್ನು ನಾವು ಅವಸರದ ಭರವಸೆಯನ್ನಾಗಿ ಮಾಡಿಕೊಂಡಿದ್ದೇವೆ.

ಶುಭಸಂದೇಶಗಳಿಗೂ ಇದೇ ಗತಿಯಾದಾಗ ನಷ್ಟ ಇನ್ನೂ ಹೆಚ್ಚು. ನಮಗೆ ಬೇಕಾದ ಮಾತುಗಳನ್ನಷ್ಟೇ ಆರಿಸಿ ಜೋಡಿಸಿದ ಯೇಸುವಿನಲ್ಲಿ ನಾವು ಕಾಣುವುದು ಬಹುಮಟ್ಟಿಗೆ ನಮ್ಮದೇ ಮುಖ. ಅಂಥವರೊಡನೆ ಸಂಬಂಧ ಬೆಳೆಯುವುದು ಹೇಗೆ? ಸಂಬಂಧಕ್ಕೆ ಇಬ್ಬರು ಬೇಕು. ಎದುರಿಗಿರುವವರು ನಾವೆಣಿಸದ ಮಾತನ್ನು ಆಡಬಲ್ಲವರಾಗಿರಬೇಕು, ನಾವು ಕರೆದಾಗ ಬೇರೆಡೆಗೆ ತಿರುಗಬಲ್ಲವರಾಗಿರಬೇಕು. ಅಂಥ ಯೇಸುಸ್ವಾಮಿಯನ್ನು ಭೇಟಿಯಾಗಲು ಮಾರ್ಕನ ಶುಭಸಂದೇಶವನ್ನು ಮೊದಲಿನಿಂದ ಕೊನೆಯವರೆಗೆ, ಸಾಧ್ಯವಾದರೆ ಒಂದೇ ಸಂಜೆ ಓದಬೇಕೆಂಬುದು ನನ್ನ ಅಭಿಪ್ರಾಯ.

ನಾಲ್ಕು ಶುಭಸಂದೇಶಗಳಲ್ಲಿ ಇದು ಅತಿ ಚಿಕ್ಕದು, 16 ಅಧ್ಯಾಯಗಳಷ್ಟೆ. ಗಟ್ಟಿಯಾಗಿ ಓದಿದರೂ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಸಂತ ಆಗಸ್ಟೀನರು ಮಾರ್ಕನನ್ನು ಮತ್ತಾಯನ ಹೆಜ್ಜೆಯಲ್ಲಿ ನಡೆದು ಅವನನ್ನು ಸಂಕ್ಷೇಪಿಸಿದವನೆಂದು ಭಾವಿಸಿದ್ದರು. ಆದುದರಿಂದಲೋ ಏನೋ, ಶತಮಾನಗಳ ಕಾಲ ಈ ಗ್ರಂಥ ಬಡತಮ್ಮನಂತೆ ಮೂಲೆಯಲ್ಲಿ ಕುಳಿತಿತ್ತು. ಮಾರ್ಕನೇ ಮೊದಲು ಬರೆದವನು, ಮತ್ತಾಯ ಲೂಕರು ಅವನನ್ನು ಬಳಸಿಕೊಂಡರು ಎಂಬ ಅಭಿಪ್ರಾಯ ವಿದ್ವಾಂಸರಲ್ಲಿ ನೆಲೆಗೊಂಡದ್ದು 19ನೆಯ ಶತಮಾನದಲ್ಲಿ. ಎರಡನೆಯ ಶತಮಾನದ ಆದಿಯಲ್ಲಿದ್ದ ಪಾಪಿಯಾಸ್ ಎಂಬ ಧರ್ಮಾಧ್ಯಕ್ಷರು ಮಾರ್ಕನನ್ನು ಸಂತ ಪೇತ್ರನ ದುಭಾಷಿ ಎಂದು ಗುರುತಿಸಿದ್ದಾರೆ. ಈ ಪರಂಪರೆಯನ್ನು ಮನಸ್ಸಿನಲ್ಲಿಟ್ಟು ಓದಿದರೆ ಒಂದು ವಿಷಯ ಎದ್ದುಕಾಣುತ್ತದೆ: ಪೇತ್ರನ ನೆನಪಿನಿಂದ ಬಂದದ್ದೆನ್ನಲಾದ ಈ ಗ್ರಂಥದಲ್ಲಿ ಪೇತ್ರನ ಅವಮಾನಗಳಿಗೆ ಯಾವ ಮುಚ್ಚುಮರೆಯೂ ಇಲ್ಲ.

ಮಾರ್ಕನದು ಪಂಡಿತರ ಗ್ರೀಕ್ ಅಲ್ಲ, ಬೀದಿಯ ಗ್ರೀಕ್. ‘ಕೂಡಲೇ’ ಎಂಬರ್ಥದ ಪದ ಸುಮಾರು 40 ಬಾರಿ ಬರುತ್ತದೆ. ನಡೆದುಹೋದ ಸಂಗತಿಯನ್ನು ಕಣ್ಣೆದುರೇ ನಡೆಯುತ್ತಿರುವಂತೆ ವರ್ತಮಾನ ಕ್ರಿಯಾಪದದಲ್ಲಿ ಹೇಳುವ ಪ್ರಯೋಗ ಸುಮಾರು 150 ಬಾರಿ. ಅನುವಾದಗಳು ಬಹುಮಟ್ಟಿಗೆ ಇದನ್ನು ಭೂತಕಾಲಕ್ಕೆ ತಿರುಗಿಸಿ ಮಟ್ಟಸ ಮಾಡುತ್ತವೆ. ಹೀಗಾಗಿ ಆ ಏದುಸಿರು ನಮಗೆ ಕೇಳಿಸುವುದಿಲ್ಲ. ಕನ್ನಡದಲ್ಲಿ ಇನ್ನೊಂದು ಸಂಗತಿಯೂ ಇದೆ. ಗ್ರೀಕಿನಲ್ಲಿ ನೀನು, ನೀವು, ತಾವು ಎಂಬ ಗೌರವದ ಮೆಟ್ಟಿಲುಗಳಿಲ್ಲ. ಭಿಕ್ಷುಕನೂ ಫರಿಸಾಯನೂ ದೆವ್ವ ಹಿಡಿದವನೂ ಯೇಸುವನ್ನು ಒಂದೇ ಪದದಿಂದ ಸಂಬೋಧಿಸುತ್ತಾರೆ. ನಮ್ಮ ಕಥೋಲಿಕ ಬಳಕೆಯ ಅನುವಾದ ಸ್ವಾಮಿಗೆ ಗೌರವದ ಬಹುವಚನ ಬಳಸಿದೆ. ಪ್ರೊಟೆಸ್ಟಂಟರ ಹಳೆಯ ಅನುವಾದ ಏಕವಚನವನ್ನೇ ಉಳಿಸಿಕೊಂಡಿತ್ತು. ಬಹುವಚನ ನಮ್ಮ ನಾಲಿಗೆಗೆ ಒಗ್ಗಿದೆ, ಈ ಲೇಖನದಲ್ಲಿಯೂ ಅದೇ ಇದೆ. ಆದರೂ ದೇವರನ್ನು ‘ನೀನು’ ಎನ್ನುವ ಸಲುಗೆ ವಚನಕಾರರಿಂದಲೂ ದಾಸರಿಂದಲೂ ಈ ನುಡಿಗೆ ಬಂದ ಸಂಪತ್ತಲ್ಲವೇ? ಒಮ್ಮೆಯಾದರೂ ಆ ಹಳೆಯ ಅನುವಾದವನ್ನು ಪಕ್ಕದಲ್ಲಿಟ್ಟು ಓದಿ ನೋಡುವುದರಿಂದ ಯಾವ ದೋಷವೂ ಇಲ್ಲ.

ಮತ್ತಾಯ ಲೂಕರು ಮಾರ್ಕನಿಂದ ತೆಗೆದುಕೊಂಡದ್ದು ಬಹಳ, ಬಿಟ್ಟದ್ದೂ ಉಂಟು. ಬಿರುಗಾಳಿಯ ನಡುವೆ ಯೇಸು ದೋಣಿಯಲ್ಲಿ ನಿದ್ರಿಸುತ್ತಿದ್ದರೆಂದು ಮೂವರೂ ಬರೆದಿದ್ದಾರೆ. ಅವರ ತಲೆಯ ಕೆಳಗೆ ದಿಂಬಿತ್ತು ಎಂದು ಬರೆದವನು ಮಾರ್ಕನೊಬ್ಬನೇ. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಯೇಸು ಸಿಟ್ಟಾದರೆಂದೂ, ಆಮೇಲೆ ಆ ಮಕ್ಕಳನ್ನು ತೋಳುಗಳಲ್ಲಿ ಅಪ್ಪಿಕೊಂಡರೆಂದೂ ಇಲ್ಲಿ ಮಾತ್ರವೇ ಓದುತ್ತೇವೆ. ಮನೆಯವರು ಅವರಿಗೆ ಬುದ್ಧಿ ಕೆಟ್ಟಿದೆಯೆಂದು ತಿಳಿದು ಹಿಡಿದೊಯ್ಯಲು ಬಂದ ಮುಜುಗರದ ಸಂಗತಿಯೂ ಮಾರ್ಕನಲ್ಲಿ ಮಾತ್ರವಿದೆ (3:21). ನಿಟ್ಟುಸಿರು, ಸಿಟ್ಟು, ಬೆರಗು, ದಣಿವು - ಚೀಟಿಯ ಮೇಲೆ ಅಚ್ಚಾಗದ ಯೇಸು ಇವರೇ.

ಐದನೆಯ ಅಧ್ಯಾಯಕ್ಕೆ ಬರೋಣ. ಪ್ರಾರ್ಥನಾಮಂದಿರದ ಅಧಿಕಾರಿ ಯಾಯಿರನ ಮಗಳು ಸಾವಿನ ಅಂಚಿನಲ್ಲಿದ್ದಾಳೆ. ಅವನು ಬಂದು ಯೇಸುವಿನ ಪಾದಕ್ಕೆ ಬೀಳುತ್ತಾನೆ. ಅವರು ಅವನೊಡನೆ ಹೊರಡುತ್ತಾರೆ. ದಾರಿಯಲ್ಲಿ, 12 ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಾ ವೈದ್ಯರಿಗೆ ಇದ್ದಬದ್ದದ್ದೆಲ್ಲವನ್ನೂ ಸುರಿದ ಸ್ತ್ರೀಯೊಬ್ಬಳು ಹಿಂದಿನಿಂದ ಬಂದು ಅವರ ಉಡುಪನ್ನು ಮುಟ್ಟಿ ಗುಣಹೊಂದುತ್ತಾಳೆ. ಯಾರಿಗೂ ತಿಳಿಯದಂತೆ ಮುಗಿದುಹೋಗಬಹುದಾಗಿದ್ದ ಸಂಗತಿ. ಆದರೆ ಯೇಸು ನಿಲ್ಲುತ್ತಾರೆ, ಮುಟ್ಟಿದವರು ಯಾರೆಂದು ಸುತ್ತಲೂ ನೋಡುತ್ತಾರೆ. ಶಿಷ್ಯರಿಗೆ ಇದು ಅರ್ಥಹೀನವೆನಿಸುತ್ತದೆ. ಆಕೆ ನಡುಗುತ್ತಾ ಬಂದು ನಡೆದುದೆಲ್ಲವನ್ನೂ ಹೇಳುವವರೆಗೆ ಯೇಸು ಕದಲುವುದಿಲ್ಲ. ಆಕೆಯೊಡನೆ ಮಾತು ಮುಗಿಯುವ ಮೊದಲೇ ಯಾಯಿರನ ಮನೆಯಿಂದ ಸುದ್ದಿ ಬರುತ್ತದೆ: ಹುಡುಗಿ ತೀರಿಕೊಂಡಳು.

ಈ ಹೊತ್ತಿನಲ್ಲಿ ಯಾಯಿರನ ಮುಖ ಹೇಗಿತ್ತು? ಮಾರ್ಕನು ಒಂದಕ್ಷರವನ್ನೂ ಬರೆಯುವುದಿಲ್ಲ. ಆಸ್ಪತ್ರೆಯ ತೀವ್ರ ನಿಗಾ ಘಟಕದ ಬಾಗಿಲ ಹೊರಗೆ ನಿಂತು, ವೈದ್ಯರು ಇನ್ನೊಬ್ಬ ರೋಗಿಯ ಬಳಿಗೆ ನಡೆದುದನ್ನು ಕಂಡ ತಂದೆತಾಯಿಗಳಿಗೆ ಅದನ್ನು ಬರೆದು ತಿಳಿಸಬೇಕಾಗಿಯೂ ಇಲ್ಲ. ಕೊನೆಯಲ್ಲಿ, ಹುಡುಗಿ ಎದ್ದು ನಡೆದಾಡಿದ ಮೇಲೆ, ಆಕೆಗೆ 12 ವರ್ಷ ವಯಸ್ಸೆಂದು ಮಾರ್ಕನು ಹೇಳುತ್ತಾನೆ. ಒಬ್ಬಳು ಬೆಳೆದಷ್ಟೂ ಕಾಲ ಇನ್ನೊಬ್ಬಳು ರಕ್ತ ಸುರಿಸುತ್ತಿದ್ದಳು. ಒಬ್ಬಳಿಗಾಗಿ ಬೇಡಿಕೊಳ್ಳಲು ತಂದೆಯಿದ್ದ. ಇನ್ನೊಬ್ಬಳಿಗೆ ಯಾರೂ ಇರಲಿಲ್ಲ, ಅವಳನ್ನೇ ಯೇಸು ‘ಮಗಳೇ’ ಎಂದು ಕರೆದರು. ಒಂದು ಕಥೆಯ ಹೊಟ್ಟೆಯೊಳಗೆ ಇನ್ನೊಂದು ಕಥೆಯನ್ನಿಡುವುದು ಮಾರ್ಕನಿಗೆ ಪ್ರಿಯವಾದ ನಿರೂಪಣಾ ಕ್ರಮ. ಎರಡನ್ನೂ ಒಟ್ಟಿಗೆ ಓದದೆ ಎರಡರಲ್ಲಿ ಯಾವುದೂ ಪೂರ್ತಿ ತಿಳಿಯದು.

ಇಲ್ಲಿ ನಮ್ಮ ಪೂಜಾ ವಾಚನದ ಬಗ್ಗೆ ಒಂದು ಮಾತು. ‘ಬಿ’ ವರ್ಷದ ಸಾಧಾರಣ ಕಾಲದ 13ನೆಯ ಭಾನುವಾರಕ್ಕೆ ಈ ಭಾಗವನ್ನೇ ಗೊತ್ತುಪಡಿಸಲಾಗಿದೆ. 2024ರಲ್ಲಿ ಅದು ಜೂನ್ 30ರಂದು ಬಂದಿತ್ತು. ಪೂರ್ಣ ವಾಚನದ ಜೊತೆಗೆ ಸಂಕ್ಷಿಪ್ತ ವಾಚನಕ್ಕೂ ಅವಕಾಶವಿದೆ, ಸಂಕ್ಷಿಪ್ತ ವಾಚನದಲ್ಲಿ ಆ ಸ್ತ್ರೀ ಇಲ್ಲವೇ ಇಲ್ಲ! ಯೇಸು ಹೊರಟರು, ಸುದ್ದಿ ಬಂತು, ಹುಡುಗಿಯನ್ನು ಎಬ್ಬಿಸಿದರು, ಅಷ್ಟೆ. ಎರಡು ಮೂರು ಉಪಕೇಂದ್ರಗಳಲ್ಲಿ ಪೂಜೆ ಅರ್ಪಿಸಬೇಕಾದ ಗುರುಗಳ ಅವಸರ ನನಗೆ ತಿಳಿಯದ್ದೇನಲ್ಲ. ಆದರೂ ಯಾರಿಗೋಸ್ಕರ ಯೇಸು ನಿಂತರೋ ಅವಳನ್ನೇ ಸಮಯ ಸಾಲದೆಂದು ದಾಟಿಹೋಗುವುದು ಆ ಶುಭಸಂದೇಶಕ್ಕೆ ತೀರ ವಿರುದ್ಧವಾದ ಓದು ಎನ್ನದೆ ವಿಧಿಯಿಲ್ಲ. ಉಳಿತಾಯವಾಗುವುದು ಹೆಚ್ಚೆಂದರೆ ಒಂದೂವರೆ ನಿಮಿಷ.

ಮುಂದಿನ ಅಧ್ಯಾಯವನ್ನೂ ಓದಿದವರಿಗೆ ಇನ್ನೊಂದು ಸತ್ಯ ಎದುರಾಗುತ್ತದೆ. ಐದರಲ್ಲಿ ಯಾಯಿರನ ಮಗಳು ಏಳುತ್ತಾಳೆ. ಆರರಲ್ಲಿ ಸ್ನಾನಿಕ ಯೊವಾನ್ನನ ತಲೆ ಹರಿವಾಣದಲ್ಲಿ ಬರುತ್ತದೆ. ಸೆರೆಮನೆಯ ಬಾಗಿಲನ್ನು ತೆರೆಯಲು ಯಾವ ದೂತನೂ ಬರುವುದಿಲ್ಲ. ಅವನ ಶಿಷ್ಯರು ಬಂದು ದೇಹವನ್ನೊಯ್ದು ಸಮಾಧಿ ಮಾಡುತ್ತಾರೆ. ಈ ಎರಡು ಘಟನೆಗಳನ್ನು ಹೀಗೆ ಒತ್ತೊತ್ತಾಗಿ ಇಟ್ಟ ಲೇಖಕನು, ವಿಶ್ವಾಸವಿದ್ದವರ ಮಕ್ಕಳೆಲ್ಲ ಬದುಕುತ್ತಾರೆಂದು ಹೇಳುತ್ತಿಲ್ಲ. ಪ್ರಾರ್ಥಿಸಿಯೂ ಮಗುವನ್ನು ಕಳೆದುಕೊಂಡ ಕುಟುಂಬಗಳು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇವೆ. ಅವರಿಗೆ ಐದನೆಯ ಅಧ್ಯಾಯವನ್ನು ಮಾತ್ರ ಓದಿ ಹೇಳಿ, ನಿಮ್ಮ ವಿಶ್ವಾಸ ಸಾಲದಾಯಿತೇನೋ ಎಂಬ ಸಂದೇಹವನ್ನು ಅವರ ಮನದಲ್ಲಿ ಬಿತ್ತುವುದು ಕ್ರೌರ್ಯ. ತುಂಡು ಓದು ಕೇವಲ ಸಾಹಿತ್ಯದ ದೋಷವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗ್ರಂಥದ ನಡುಭಾಗ ಇಬ್ಬರು ಕುರುಡರ ನಡುವೆ ಇದೆ. ಎಂಟನೆಯ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡ. ಹತ್ತರ ಕೊನೆಯಲ್ಲಿ ಜೆರಿಕೋವಿನ ಭಿಕ್ಷುಕ ಬಾರ್ತಿಮಾಯ. ಮೊದಲನೆಯವನಿಗೆ ಯೇಸು ಎರಡು ಬಾರಿ ಕೈಯಿಡಬೇಕಾಯಿತು. ಮೊದಲ ಸ್ಪರ್ಶಕ್ಕೆ ಅವನಿಗೆ ಜನರು ನಡೆದಾಡುವ ಮರಗಳಂತೆ ಕಂಡರು. ಎರಡನೆಯದಕ್ಕೆ ಎಲ್ಲವೂ ನಿಚ್ಚಳವಾಯಿತು. ಮತ್ತಾಯ ಲೂಕರು ಈ ಪ್ರಸಂಗವನ್ನು ಕೈಬಿಟ್ಟಿದ್ದಾರೆ, ಭಾನುವಾರದ ವಾಚನಗಳಲ್ಲಿಯೂ ಇದಿಲ್ಲ. ಆದರೆ ಮಾರ್ಕನು ಇದನ್ನು ಇಟ್ಟಿರುವ ಜಾಗವನ್ನು ನೋಡಿ. ಮರುಕ್ಷಣವೇ ಫಿಲಿಪ್ಪನ ಸೆಜರೇಯದ ಬಳಿ ಪೇತ್ರನು ಯೇಸುವನ್ನು ಅಭಿಷಿಕ್ತರೆಂದು ಸರಿಯಾಗಿಯೇ ಗುರುತಿಸುತ್ತಾನೆ. ಅವರು ಯಾತನೆಯ ಮಾತೆತ್ತಿದೊಡನೆ ಅವರನ್ನೇ ಬದಿಗೆ ಕರೆದು ಗದರಿಸುತ್ತಾನೆ. ಪೇತ್ರನಿಗೆ ಕಾಣಿಸುತ್ತಿದೆ, ಮರಗಳಂತೆ. ಆಗ ಯೇಸು ಅವನನ್ನು ತಮ್ಮ ಹಿಂದಕ್ಕೆ ಹೋಗೆನ್ನುತ್ತಾರೆ. ನಮ್ಮ ಕಿವಿಗೆ ಇದು ಅಟ್ಟಿಬಿಡುವ ಮಾತಿನಂತೆ ಕೇಳಿಸಬಹುದು. ಗ್ರೀಕ್ ಮೂಲದಲ್ಲಿ ಇಲ್ಲಿರುವ ‘ನನ್ನ ಹಿಂದೆ’ ಎಂಬರ್ಥದ ಎರಡು ಪದಗಳೇ ಮೊದಲ ಅಧ್ಯಾಯದಲ್ಲಿ ಸಮುದ್ರತೀರದಲ್ಲಿ ಪೇತ್ರನನ್ನು ಕರೆದಾಗಲೂ ಬಂದಿದ್ದವು. ಮುಂದೆ ನಿಂತು ದಾರಿ ತೋರಿಸಲು ಹೊರಟ ಶಿಷ್ಯನನ್ನು ಅವನ ಹಳೆಯ ಸ್ಥಾನಕ್ಕೆ, ಹಿಂಬಾಲಿಸುವವನ ಸ್ಥಾನಕ್ಕೆ, ಮರಳಿ ಕಳುಹಿಸುತ್ತಿದ್ದಾರೆ. ಗದರಿಕೆಯೊಳಗೇ ಮೊದಲ ಕರೆ ಮತ್ತೊಮ್ಮೆ ಕೇಳಿಸುತ್ತದೆ. ಗುರುಮಠದಲ್ಲಿ ಕಲಿತ ಗ್ರೀಕ್ ವ್ಯಾಕರಣ ಬೋಧಕರ ಪಾಂಡಿತ್ಯಕ್ಕೆ ಮಾತ್ರ ಮೀಸಲು ಎನ್ನುವವರಿಗೆ ಈ ಎರಡು ಪದಗಳೇ ಸಾಕಾದೀತು.

ಇಲ್ಲಿಂದ ಜೆರುಸಲೇಮಿನ ದಾರಿ. ಮೂರು ಸಲ ಯೇಸು ತಮ್ಮ ಮರಣವನ್ನು ಮುಂತಿಳಿಸುತ್ತಾರೆ. ಮೂರು ಸಲವೂ ಶಿಷ್ಯರು ಬೇರೇನನ್ನೋ ಯೋಚಿಸುತ್ತಿರುತ್ತಾರೆ. ಮೂರನೆಯ ಸಲ ಯಕೋಬ ಯೊವಾನ್ನರು ಬಂದು ತಾವು ಕೇಳುವುದನ್ನು ನಡೆಸಿಕೊಡಬೇಕೆನ್ನುತ್ತಾರೆ. ತಮ್ಮಿಂದ ಏನಾಗಬೇಕೆಂದು ಯೇಸು ಕೇಳುತ್ತಾರೆ. ಬಲಕ್ಕೊಂದು, ಎಡಕ್ಕೊಂದು ಆಸನ! ಹದಿನೈದು ವಾಕ್ಯಗಳು ಕಳೆಯುವಷ್ಟರಲ್ಲಿ ದಾರಿಬದಿಯ ಬಾರ್ತಿಮಾಯನಿಗೂ ಯೇಸು ಅದೇ ಪ್ರಶ್ನೆಯನ್ನು ಕೇಳುತ್ತಾರೆ. ಅವನು ಬೇಡಿದ್ದು ಕಣ್ಣು. ಕಣ್ಣು ಬಂದವನು ಯೇಸುವಿನ ಹಿಂದೆ ಅದೇ ದಾರಿಯಲ್ಲಿ ನಡೆದ. ಭಾನುವಾರದ ವಾಚನದಲ್ಲಿ ಈ ಎರಡು ಭಾಗಗಳು ಬೇರೆ ಬೇರೆ ವಾರಗಳಲ್ಲಿ ಬರುತ್ತವೆ. ಪ್ರಶ್ನೆ ಒಂದೇ ಎಂಬುದು ಯಾರ ಕಿವಿಗೂ ಬೀಳುವುದಿಲ್ಲ. ಒಟ್ಟಿಗೆ ಓದಿದವರು ಆ ರಾತ್ರಿಯ ಪ್ರಾರ್ಥನೆಯಲ್ಲಿ ಬೇಡಿಕೆಯ ಪಟ್ಟಿಯನ್ನು ಬಿಚ್ಚುವ ಮೊದಲು ಸ್ವಲ್ಪ ತಡವರಿಸಿಯಾರು.

ಅದೇ ಅಧ್ಯಾಯದಲ್ಲಿ ಸಿರಿವಂತನೊಬ್ಬ ಬರುತ್ತಾನೆ. ಯೇಸು ಅವನನ್ನು ನೋಡಿ ಪ್ರೀತಿಸಿದರು ಎನ್ನುತ್ತಾನೆ ಮಾರ್ಕ. ಈ ಗ್ರಂಥದುದ್ದಕ್ಕೂ ಯೇಸು ಇಂಥ ಒಬ್ಬ ವ್ಯಕ್ತಿಯನ್ನು ಪ್ರೀತಿಸಿದರೆಂದು ಆ ಕ್ರಿಯಾಪದ ಬಳಸಿ ಹೇಳಿರುವುದು ಇಲ್ಲಿ ಮಾತ್ರ. ಮತ್ತು ಅವನೇ ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ. ಯೇಸು ಅವನನ್ನು ಹಿಂದಕ್ಕೆ ಕರೆಯುವುದಿಲ್ಲ, ಷರತ್ತನ್ನೂ ಸಡಿಲಿಸುವುದಿಲ್ಲ. ವೈಯಕ್ತಿಕ ಸಂಬಂಧವನ್ನು ಕುರಿತ ನಮ್ಮ ಪ್ರಬೋಧನೆಗಳು ಪ್ರೀತಿಸಲ್ಪಡುವ ಸುಖವನ್ನು ಚೆನ್ನಾಗಿ ವರ್ಣಿಸುತ್ತವೆ. ಪ್ರೀತಿಸಲ್ಪಟ್ಟವನೇ ಹೊರಟುಹೋದ ಈ ಪ್ರಸಂಗದ ಬಳಿ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಯಾತನೆಯ ಕಥನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗರಿಗಳ ಭಾನುವಾರದಂದು ಅದನ್ನಾದರೂ ನಾವು ದೀರ್ಘವಾಗಿ ಕೇಳುತ್ತೇವೆ. ಗೆತ್ಸೆಮನಿಯಲ್ಲಿ ತಂದೆಯನ್ನು ‘ಅಬ್ಬಾ’ ಎಂದು ಕರೆದವರು, ಶಿಲುಬೆಯ ಮೇಲೆ ದೇವರೇ ಎಂದು ಕೂಗಿ, ಕೈಬಿಟ್ಟದ್ದೇಕೆಂದು ಕೇಳುತ್ತಾರೆ. ಮಾರ್ಕನು ಅವರ ಬಾಯಲ್ಲಿ ಶಿಲುಬೆಯಿಂದ ಬೇರಾವ ಮಾತನ್ನೂ ಆಡಿಸುವುದಿಲ್ಲ. ಆ ಸಾವನ್ನು ಎದುರಿಗೆ ನಿಂತು ನೋಡಿದ ಹೊರಗಿನವನೊಬ್ಬ, ರೋಮನ್ ಶತಾಧಿಪತಿ, ಶಿಷ್ಯರಾರೂ ಹೇಳದಿದ್ದುದನ್ನು ಹೇಳುತ್ತಾನೆ.

ನಾಲ್ಕನೆಯ ಶತಮಾನದ ಎರಡು ಪ್ರಮುಖ ಹಸ್ತಪ್ರತಿಗಳಾದ ಸಿನಾಯಿಟಿಕಸ್ ಮತ್ತು ವ್ಯಾಟಿಕನಸ್‌ಗಳಲ್ಲಿ ಮಾರ್ಕನ ಗ್ರಂಥ 16ನೆಯ ಅಧ್ಯಾಯದ ಎಂಟನೆಯ ವಾಕ್ಯಕ್ಕೇ ಮುಗಿಯುತ್ತದೆ: ಸಮಾಧಿಯಿಂದ ಓಡಿಬಂದ ಸ್ತ್ರೀಯರು ಭಯದಿಂದ ಯಾರಿಗೂ ಏನೂ ಹೇಳಲಿಲ್ಲ. ಮುಂದಿನ ಹನ್ನೆರಡು ವಾಕ್ಯಗಳು ಅನಂತರ ಸೇರಿದವೆಂದು ವಿದ್ವಾಂಸರು ತಿಳಿಯುತ್ತಾರೆ. ಧರ್ಮಸಭೆ ಅವುಗಳನ್ನೂ ಶ್ರೀಗ್ರಂಥದ ಭಾಗವೆಂದೇ ಸ್ವೀಕರಿಸಿದೆ. ಎಂಟನೆಯ ವಾಕ್ಯದ ಬಳಿ ಒಂದು ಗಳಿಗೆ ನಿಂತರೆ ಏನಾಗುತ್ತದೆ? ಪುನರುತ್ಥಾನರಾದ ಯೇಸು ನಮಗೆ ಕಾಣಿಸುವುದಿಲ್ಲ. ಅವರು ಮುಂದಾಗಿ ಗಲಿಲೇಯಕ್ಕೆ ಹೋಗುತ್ತಾರೆ, ಅಲ್ಲಿ ಕಾಣಸಿಗುತ್ತಾರೆ ಎಂಬ ಸಂದೇಶ ಮಾತ್ರ ಸಮಾಧಿಯಲ್ಲಿ ಕೇಳಿಸಿದೆ. ಗಲಿಲೇಯ ಇರುವುದು ಮೊದಲ ಅಧ್ಯಾಯದಲ್ಲಿ. ಪುಟ ತಿರುಗಿಸಿ ಮತ್ತೆ ಅಲ್ಲಿಂದಲೇ ಆರಂಭಿಸಬೇಕು. ಈ ಬಾರಿ, ಕೊನೆ ತಿಳಿದವರಾಗಿ.

ಹನ್ನೆರಡನೆಯ ಶತಮಾನದ ಕಾರ್ತೂಸಿಯನ್ ಮಠಾಧಿಪತಿ ಎರಡನೆಯ ಗೀಗೋ ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳನ್ನು ವಿವರಿಸಿದ್ದಾರೆ. ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2010ರ ‘ವೆರ್ಬುಮ್ ದೋಮಿನಿ’ಯಲ್ಲಿ ಇವುಗಳನ್ನು ಎಲ್ಲ ವಿಶ್ವಾಸಿಗಳಿಗೂ ಶಿಫಾರಸು ಮಾಡಿ, ಬಾಳಿನಲ್ಲಿ ಅದು ಕಾರ್ಯರೂಪ ತಾಳಬೇಕೆಂದೂ ಸೇರಿಸಿದರು. ಈ ಕ್ರಮದಲ್ಲಿ ಒಂದು ಚಿಕ್ಕ ಭಾಗವನ್ನು ಹಿಡಿದು ನಿಧಾನವಾಗಿ ಮೆಲುಕುಹಾಕುವುದು ರೂಢಿ. ಅದು ಬೇಕೇ ಬೇಕು. ಆದರೆ ಊರನ್ನೇ ನೋಡದವನು ಒಂದು ಮನೆಯ ಜಗಲಿಯಲ್ಲಿ ಕುಳಿತು ಊರನ್ನು ಅರಿಯಲಾರ. ಮೊದಲು ಇಡೀ ಓದು, ಅನಂತರ ಮೆಲುಕು.

ಹೀಗೆ ಇಡಿಯಾಗಿ ಕೇಳುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕುಮಾರವ್ಯಾಸನ ಭಾರತವನ್ನು ಗಮಕಿಗಳಿಂದ ರಾತ್ರಿಗಟ್ಟಲೆ ಕೇಳಿದ ಜನ ನಾವು. ಯಕ್ಷಗಾನದ ಮುಂದೆ ಬೆಳಗಿನವರೆಗೆ ಕುಳಿತವರು. ಮಾರ್ಕನ ಗ್ರಂಥವೂ ಒಬ್ಬನು ಓದಿ ಹಲವರು ಕೇಳಲೆಂದು ಬರೆದದ್ದು. 1978ರಲ್ಲಿ ಬ್ರಿಟಿಷ್ ನಟ ಆಲೆಕ್ ಮೆಕ್ಕೋವೆನ್ ಲಂಡನ್ನಿನ ರಂಗದ ಮೇಲೆ ಒಬ್ಬರೇ ನಿಂತು ಇದನ್ನು ಕಂಠಪಾಠವಾಗಿ ನುಡಿದಾಗ ಜನ ಟಿಕೆಟ್ ಕೊಂಡು ಬಂದು ಕೇಳಿದರು. ನಮಗೆ ಟಿಕೆಟ್ಟಿನ ಅಗತ್ಯವಿಲ್ಲ. 2026ರ ಆಗಮನ ಕಾಲದಿಂದ 2027ರ ನವೆಂಬರ್‌ವರೆಗಿನ ಪೂಜಾವರ್ಷ ಮಾರ್ಕನದು. ಆದರೂ ಅದರಲ್ಲಿ ಕೆಲವು ಭಾನುವಾರಗಳು ಯೊವಾನ್ನನ ಆರನೆಯ ಅಧ್ಯಾಯಕ್ಕೆ ಹೋಗುತ್ತವೆ. ಆದ್ದರಿಂದ ಪೂಜೆಯ ವಾಚನವನ್ನಷ್ಟೇ ನಂಬಿ ಕೂರುವಂತಿಲ್ಲ, ಮನೆಯಲ್ಲಿ ಓದಬೇಕು.

ಒಂದು ಭಾನುವಾರ ಸಂಜೆ ಟಿ.ವಿ. ಆರಿಸಿ, ಓದಬಲ್ಲವರೆಲ್ಲರೂ ಒಂದೊಂದು ಅಧ್ಯಾಯವನ್ನು ಸರದಿಯಲ್ಲಿ ಗಟ್ಟಿಯಾಗಿ ಓದಲಿ. ನಡುವೆ ವ್ಯಾಖ್ಯಾನ ಬೇಡ, ಮನೆಯ ಹಿರಿಯರಿಂದಲೂ ಬೇಡ. ಬಿರುಗಾಳಿಯಲ್ಲಿ ಸ್ವಾಮಿ ಮಲಗಿದ್ದೇಕೆ, ಅಂಜೂರದ ಮರ ಮಾಡಿದ ತಪ್ಪೇನು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಆ ಸಂಜೆಯೇ ಕೊಡಬೇಕೆಂದಿಲ್ಲ. ಎಂಟನೆಯ ಅಧ್ಯಾಯದ ಹೊತ್ತಿಗೆ ದಣಿವಾದರೆ, ಬೆತ್ಸಾಯಿದದ ಕುರುಡನಿಗೆ ಎರಡನೆಯ ಬಾರಿ ಕೈಯಿಟ್ಟ ಮೇಲೆ, ಎದ್ದು ಕಾಫಿ ಕುಡಿಯಬಹುದು. ಅಲ್ಲಿಂದ ಮುಂದೆ ಖಾಲಿ ಸಮಾಧಿಯವರೆಗೆ ನಿಲ್ಲಿಸದಿರುವುದು ಒಳಿತು.